ಬಿಂಬದಿಂದ ಪಠ್ಯಕ್ಕೆ: ಎ.ಜಿ. ರಾಮಕೃಷ್ಣನ್ ಅವರ ಸಂಕೇತ ಸಂಸ್ಕರಣ ಸಂಶೋಧನೆ ಮತ್ತು ಕನ್ನಡ ಲಿಪಿ

ಪೀಠಿಕೆ

ಕನ್ನಡ ಅಧ್ಯಯನವು ಮೂಲತಃ ಬರೆಹವನ್ನು ಆಧರಿಸಿ ಬೆಳೆದ ಶಿಸ್ತು. ಶಾಸನ, ತಾಳೆಯೋಲೆ, ಕಡತ, ಅಚ್ಚಾದ ಪುಸ್ತಕ ಇವೇ ಅದರ ಆಕರಗಳು. ಈ ಆಕರಗಳನ್ನು ಓದಿ, ನಕಲು ಮಾಡಿ, ಪಾಠಾಂತರಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ಕೆಲಸವನ್ನು ವಿದ್ವಾಂಸರು ಶತಮಾನಕ್ಕೂ ಮೀರಿ ಮಾಡಿಕೊಂಡು ಬಂದಿದ್ದಾರೆ. ಇಪ್ಪತ್ತೊಂದನೆಯ ಶತಮಾನದ ಆರಂಭದಿಂದೀಚೆಗೆ ಈ ಓದುವ ಕೆಲಸದಲ್ಲಿ ಯಂತ್ರವೂ ಪಾಲುದಾರನಾಗಿದೆ. ಪುಸ್ತಕದ ಪುಟವನ್ನು ಚಿತ್ರವಾಗಿ ಸೆರೆಹಿಡಿದು, ಆ ಚಿತ್ರದೊಳಗಿನ ಅಕ್ಷರಗಳನ್ನು ಗುರುತಿಸಿ, ಹುಡುಕಲು ಮತ್ತು ತಿದ್ದಲು ಬರುವ ಪಠ್ಯವನ್ನಾಗಿ ಪರಿವರ್ತಿಸುವ ತಂತ್ರಕ್ಕೆ ಓಸಿಆರ್ ಎಂಬ ಹೆಸರಿದೆ. ಇದನ್ನು ಕನ್ನಡದಲ್ಲಿ ಅಕ್ಷರ ಗುರುತಿಸುವಿಕೆ ಎನ್ನಬಹುದು.

ಕನ್ನಡಕ್ಕೆ ಈ ತಂತ್ರವನ್ನು ಒದಗಿಸಿದವರು ಭಾಷಾವಿಭಾಗಗಳವರಲ್ಲ. ಇಂಜಿನಿಯರಿಂಗ್ ವಿಭಾಗಗಳ ಪ್ರಾಧ್ಯಾಪಕರು. ಅವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಇಂಜಿನಿಯರಿಂಗ್ ವಿಭಾಗದಲ್ಲಿ ದೀರ್ಘಕಾಲ ಸಂಶೋಧನೆ ನಡೆಸಿದ ಪ್ರೊ. ಎ.ಜಿ. ರಾಮಕೃಷ್ಣನ್ ಪ್ರಮುಖರು. ವೈದ್ಯಕೀಯ ಸಂಕೇತ, ಮಾತಿನ ಧ್ವನಿ, ಮುದ್ರಿತ ಪುಟದ ಬಿಂಬ ಈ ಮೂರೂ ಅವರ ಸಂಶೋಧನೆಯ ವಿಷಯಗಳು. ಪ್ರಸ್ತುತ ಲೇಖನವು ಅವರ ಮತ್ತು ಅವರ ಸಹಸಂಶೋಧಕರ ಕೆಲಸವನ್ನು ಕನ್ನಡ ಲಿಪಿಯ ಸ್ವರೂಪದ ಹಿನ್ನೆಲೆಯಲ್ಲಿ ವಿವರಿಸಿ, ಗ್ರಂಥಸಂಪಾದನೆ ಹಾಗೂ ಗಡಿನಾಡಿನ ಭಾಷಾಧ್ಯಯನಗಳಿಗೆ ಅದರಿಂದ ಒದಗುವ ಪ್ರಯೋಜನ ಮತ್ತು ಎದುರಾಗುವ ಪ್ರಶ್ನೆಗಳನ್ನು ಪರಿಶೀಲಿಸುತ್ತದೆ. ಉದಾಹರಣೆಯ ನೆಲೆಯಾಗಿ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಪರಿಸರವನ್ನು ಇಟ್ಟುಕೊಳ್ಳಲಾಗಿದೆ. ಕನ್ನಡ, ತೆಲುಗು, ತಮಿಳು ಮೂರೂ ಸಂಧಿಸುವ ಈ ಸೀಮೆಯಲ್ಲಿ ಯಂತ್ರದ ಓದು ಎದುರಿಸಬೇಕಾದ ಕಷ್ಟಗಳು ಸ್ಪಷ್ಟವಾಗಿ ಗೋಚರಿಸುತ್ತವೆ.

1. ಸಂಕೇತ ಮತ್ತು ಗದ್ದಲ

'ಸಂಕೇತ' ಎಂಬ ಶಬ್ದಕ್ಕೆ ಕಾವ್ಯಮೀಮಾಂಸೆಯಲ್ಲಿ ಒಂದು ಅರ್ಥವಿದ್ದರೆ ಇಂಜಿನಿಯರಿಂಗ್ ಶಾಸ್ತ್ರದಲ್ಲಿ ಇನ್ನೊಂದು ಅರ್ಥವಿದೆ. ಕಾಲಕ್ಕೆ ಅಥವಾ ಸ್ಥಳಕ್ಕೆ ಅನುಗುಣವಾಗಿ ಬದಲಾಗುತ್ತ ಮಾಹಿತಿಯನ್ನು ಹೊತ್ತು ತರುವ ಯಾವುದೇ ಪರಿಮಾಣವು ಅಲ್ಲಿ ಸಂಕೇತ. ಮಾತಿನ ಧ್ವನಿಯಲ್ಲಿ ಗಾಳಿಯ ಒತ್ತಡ ಕಾಲದೊಡನೆ ಬದಲಾಗುತ್ತದೆ. ಚಿತ್ರದಲ್ಲಿ ಬೆಳಕಿನ ಪ್ರಮಾಣ ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತದೆ. ಬೇಕಾದ ಮಾಹಿತಿಯೊಡನೆ ಬೆರೆತು ಬರುವ ಬೇಡದ ಅಂಶಕ್ಕೆ 'ಗದ್ದಲ' ಎಂದು ಹೆಸರು. ಗದ್ದಲದಿಂದ ಸಂಕೇತವನ್ನು ಬೇರ್ಪಡಿಸಿ ಅದರ ಅರ್ಥವನ್ನು ಪಡೆಯುವುದೇ ಸಂಕೇತ ಸಂಸ್ಕರಣದ ಮುಖ್ಯ ಕಾರ್ಯ.

ಕಾಮಸಮುದ್ರಕ್ಕೆ ಸಮೀಪದ ಕೋಲಾರ ಚಿನ್ನದ ಗಣಿಗಳಲ್ಲಿ ಈ ತತ್ತ್ವಕ್ಕೆ ಒಳ್ಳೆಯ ನಿದರ್ಶನವಿದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳನ್ನು ಭೂಮಿಯ ಮೇಲ್ಮೈಯಲ್ಲಿ ಗುರುತಿಸುವುದು ಕಷ್ಟ. ಏಕೆಂದರೆ ಇತರ ವಿಶ್ವಕಿರಣಗಳ ಸುರಿಮಳೆಯಲ್ಲಿ ಅವುಗಳ ಸುಳಿವು ಮುಚ್ಚಿಹೋಗುತ್ತದೆ. ಆದುದರಿಂದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳೊಡನೆ ಸೇರಿ ಗಣಿಯ ಆಳದಲ್ಲಿ ಉಪಕರಣಗಳನ್ನಿಟ್ಟು 1965ರಲ್ಲಿ ಈ ಕಣಗಳ ಸುಳಿವನ್ನು ದಾಖಲಿಸಿದರು. ಅಲ್ಲಿ ಮೇಲಿನ ಬಂಡೆಯ ಪದರವೇ ಗದ್ದಲವನ್ನು ಸೋಸುವ ಜರಡಿಯಾಗಿತ್ತು. ಇದೇ ಗಣಿಗಳಲ್ಲಿ ಆಳದ ಬಂಡೆಗಳು ಒತ್ತಡದಿಂದ ಸಿಡಿಯುವುದು ಕಾರ್ಮಿಕರ ಪ್ರಾಣಕ್ಕೆ ಎರವಾಗುತ್ತಿದ್ದುದರಿಂದ, ಆ ಕಂಪನಗಳನ್ನು ದಾಖಲಿಸಿ ಅವು ಹುಟ್ಟಿದ ಸ್ಥಳವನ್ನು ಲೆಕ್ಕಹಾಕುವ ವ್ಯವಸ್ಥೆಯೂ ರೂಪುಗೊಂಡಿತ್ತು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಮುದ್ರಿತ ಪುಟವನ್ನು ಓದುವ ಯಂತ್ರದ ಮುಂದಿರುವ ಸಮಸ್ಯೆ ಇವುಗಳಿಂದ ತತ್ತ್ವತಃ ಭಿನ್ನವಲ್ಲ. ಹಳದಿಯಾದ ಕಾಗದ, ಹಿಂಬದಿಯಿಂದ ಒಸರಿದ ಶಾಯಿ, ಮುರಿದ ಅಚ್ಚುಮೊಳೆ, ಓರೆಯಾದ ಸಾಲು ಇವು ಗದ್ದಲ. ಅಕ್ಷರದ ಆಕಾರ ಸಂಕೇತ.

ರಾಮಕೃಷ್ಣನ್ ಅವರ ಆರಂಭದ ಸಂಶೋಧನೆಗಳಲ್ಲಿ ವೈದ್ಯಕೀಯ ಸಂಕೇತಗಳಿಗೆ ಮುಖ್ಯ ಸ್ಥಾನವಿತ್ತು. ಎಸ್. ಸಾಹಾ ಅವರೊಡನೆ 1997ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಹೃದಯದ ವಿದ್ಯುತ್ ಸಂಕೇತವಾದ ಇಸಿಜಿಯನ್ನು ಸಂಕ್ಷೇಪಿಸಿ ಸಂಗ್ರಹಿಸುವ ವಿಧಾನವನ್ನು ಅವರು ವಿವರಿಸಿದ್ದಾರೆ. ಒಂದು ಬಡಿತ ಹಿಂದಿನ ಬಡಿತವನ್ನು ಬಹಳಮಟ್ಟಿಗೆ ಹೋಲುತ್ತದೆ. ಆದುದರಿಂದ ಮುಂದಿನದನ್ನು ಹಿಂದಿನದರಿಂದ ಊಹಿಸಿ, ಊಹೆಗೂ ವಾಸ್ತವಕ್ಕೂ ಇರುವ ವ್ಯತ್ಯಾಸವನ್ನಷ್ಟೇ ದಾಖಲಿಸಿದರೆ ಸಾಕು ಎಂಬುದು ಇದರ ಹಿಂದಿರುವ ವಿಚಾರ. ಮುಂದೆ ಟಿ.ವಿ. ಅನಂತಪದ್ಮನಾಭ ಮತ್ತು ಎ.ಪಿ. ಪ್ರಥೋಷ್ ಅವರೊಡನೆ ನಡೆಸಿದ ಧ್ವನಿಸಂಶೋಧನೆ ಭಾಷಾಶಾಸ್ತ್ರದ ಅಧ್ಯಯನಕಾರರಿಗೆ ಹೆಚ್ಚು ಪರಿಚಿತವಾದ ವಿಷಯವನ್ನು ಮುಟ್ಟುತ್ತದೆ. ಸ್ಪರ್ಶವರ್ಣಗಳನ್ನು ಉಚ್ಚರಿಸುವಾಗ ಬಾಯಿಯೊಳಗೆ ಗಾಳಿ ಮೊದಲು ತಡೆಯಲ್ಪಟ್ಟು ಬಳಿಕ ಒಮ್ಮೆಲೇ ಸ್ಫೋಟಗೊಳ್ಳುತ್ತದೆ. ಈ ತಡೆ ಮುಗಿದು ಸ್ಫೋಟ ಆರಂಭವಾಗುವ ಕ್ಷಣವನ್ನು ನಿರಂತರ ಮಾತಿನಲ್ಲಿ ಪತ್ತೆಹಚ್ಚುವ ಅಳತೆಗೋಲೊಂದನ್ನು ಅವರು ರೂಪಿಸಿದರು. ಶಿಕ್ಷಾಶಾಸ್ತ್ರವು ಉಚ್ಚಾರಣೆಯ ಅನುಭವದಿಂದ 'ಸ್ಪರ್ಶ' ಎಂದು ವರ್ಗೀಕರಿಸಿದ ಧ್ವನಿಗಳನ್ನು ಈ ವಿಧಾನ ಅಲೆಯ ಆಕಾರದಿಂದ ಗುರುತಿಸುತ್ತದೆ ಎಂಬುದು ಗಮನಾರ್ಹ.

ಅವರು ಕಟ್ಟಿದ ಪ್ರಯೋಗಾಲಯವು 'ಮೈಲ್' ಎಂಬ ಸಂಕ್ಷಿಪ್ತನಾಮದಿಂದ ಪ್ರಸಿದ್ಧವಾಗಿದೆ. ವೈದ್ಯಕೀಯ ಮತ್ತು ಭಾಷಾ ತಂತ್ರಜ್ಞಾನಗಳೆರಡನ್ನೂ ಒಂದೇ ಸೂರಿನಡಿ ತಂದುದು ಈ ಪ್ರಯೋಗಾಲಯದ ವೈಶಿಷ್ಟ್ಯ.

2. ಕನ್ನಡ ಲಿಪಿ ಯಂತ್ರಕ್ಕೆ ಏಕೆ ಕಷ್ಟ?

ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರದ ಪುಟವೊಂದನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ ಅಡ್ಡಲಾಗಿ 1,650, ಉದ್ದಕ್ಕೆ 2,550, ಒಟ್ಟು 42 ಲಕ್ಷಕ್ಕೂ ಮಿಕ್ಕ ಚುಕ್ಕಿಗಳಾಗುತ್ತವೆ. ಪ್ರತಿ ಚುಕ್ಕಿಯೂ ಸಾಮಾನ್ಯವಾಗಿ 0ಯಿಂದ 255ರವರೆಗಿನ ಒಂದು ಸಂಖ್ಯೆ. ಯಂತ್ರದ ಪಾಲಿಗೆ ಪುಟವೆಂದರೆ ಈ ಸಂಖ್ಯೆಗಳ ಕೋಷ್ಟಕ ಮಾತ್ರ. ಅದರಿಂದ ಅಕ್ಷರವನ್ನು ಹೊರತೆಗೆಯುವ ಕೆಲಸ ಹಲವು ಹಂತಗಳಲ್ಲಿ ನಡೆಯುತ್ತದೆ. ಮೊದಲು ಶಾಯಿ ಯಾವುದು, ಕಾಗದ ಯಾವುದು ಎಂದು ನಿರ್ಧರಿಸಿ ಬೂದುಬಣ್ಣದ ಚಿತ್ರವನ್ನು ಕಪ್ಪುಬಿಳುಪಾಗಿಸಬೇಕು. ಇದಕ್ಕಾಗಿ ಜಪಾನಿನ ನೊಬುಯುಕಿ ಒಟ್ಸು 1979ರಲ್ಲಿ ಸೂಚಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಬಳಿಕ ಓರೆಯನ್ನು ಸರಿಪಡಿಸಿ, ಸಾಲು, ಪದ, ಅಕ್ಷರಗಳನ್ನು ಬಿಡಿಸಬೇಕು. ಪ್ರತಿ ಆಕಾರದ ಲಕ್ಷಣಗಳನ್ನು ಸಂಖ್ಯೆಗಳಾಗಿ ಅಳೆದು, ಅದು ಯಾವ ವರ್ಗಕ್ಕೆ ಸೇರಿದ್ದೆಂದು ನಿರ್ಣಯಿಸಬೇಕು. ಕೊನೆಗೆ ಗುರುತಿಸಿದ ಆಕಾರಗಳನ್ನು ಯೂನಿಕೋಡ್ ಕ್ರಮಕ್ಕೆ ಜೋಡಿಸಬೇಕು.

ರೋಮನ್ ಲಿಪಿಯಲ್ಲಿ ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ಬರುತ್ತವೆ. ದೊಡ್ಡ ಮತ್ತು ಚಿಕ್ಕ ಅಕ್ಷರಗಳು ಸೇರಿ 52 ಆಕಾರಗಳನ್ನು ಗುರುತಿಸಿದರೆ ಕೆಲಸದ ಬಹುಭಾಗ ಮುಗಿಯುತ್ತದೆ. ಕನ್ನಡದಲ್ಲಿ ಹಾಗಲ್ಲ. 34 ವ್ಯಂಜನಗಳು 16 ಕಾಗುಣಿತ ರೂಪಗಳೊಡನೆ ಸೇರಿದರೆ 544 ರೂಪಗಳಾಗುತ್ತವೆ. ಪ್ರತಿಯೊಂದಕ್ಕೂ ಒಂದು ಒತ್ತಕ್ಷರವನ್ನು ಸೇರಿಸುವ ಸಾಧ್ಯತೆಯನ್ನು ಎಣಿಸಿದರೆ ಈ ಸಂಖ್ಯೆ 18,496ಕ್ಕೆ ಏರುತ್ತದೆ. ಇವುಗಳಲ್ಲಿ ಬಹುಪಾಲು ಬಳಕೆಗೆ ಬಾರದಿದ್ದರೂ, ಯಾವುದು ಬಾರದು ಎಂದು ಮೊದಲೇ ಹೇಳುವಂತಿಲ್ಲ. ಆದುದರಿಂದ ಇಡಿಯ ಅಕ್ಷರವನ್ನು ಒಂದೇ ಆಕಾರವೆಂದು ಎಣಿಸದೆ, ಮೂಲಾಕ್ಷರ, ಸ್ವರಚಿಹ್ನೆ, ಒತ್ತು ಎಂಬ ಅಂಗಗಳಾಗಿ ಬಿಡಿಸಿ ಗುರುತಿಸುವುದು ಕನ್ನಡದ ಓಸಿಆರ್ ಸಂಶೋಧಕರು ಅನುಸರಿಸಿದ ಮಾರ್ಗವಾಗಿದೆ. ಕಾಗುಣಿತವನ್ನು ಕಲಿಸುವ ಶಾಲಾ ಉಪಾಧ್ಯಾಯರ ಕ್ರಮವೂ ಇದೇ ಆಗಿದೆ.

ಹೀಗೆ ಬಿಡಿಸುವಲ್ಲಿಯೇ ತೊಡಕುಗಳಿವೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದು ಬರುವುದರಿಂದ, ಸಾಲುಗಳ ನಡುವಿನ ಬಿಳಿಯ ಜಾಗವನ್ನು ನೋಡಿ ಸಾಲನ್ನು ಬಿಡಿಸುವ ಯಂತ್ರವು ಒತ್ತುಗಳ ಸಾಲನ್ನೇ ಪ್ರತ್ಯೇಕ ಸಾಲೆಂದು ಭ್ರಮಿಸಬಹುದು. 'ಮ' ಎಂಬ ಅಕ್ಷರದ ಬಲಭಾಗ ಉಕಾರದ ಕೊಂಬನ್ನು ಹೋಲುವುದರಿಂದ ಅದನ್ನು 'ವ' ಮತ್ತು ಸ್ವರಚಿಹ್ನೆಯೆಂದು ಒಡೆಯುವ ಸಾಧ್ಯತೆಯಿದೆ. ದ ಮತ್ತು ಧ, ಡ ಮತ್ತು ಢ ಇವುಗಳ ನಡುವೆ ಇರುವ ಭೇದ ಒಂದು ಸಣ್ಣ ಸೀಳು ಮಾತ್ರ. ಶಾಯಿ ಹೆಚ್ಚಾದರೆ ಅದೂ ಮುಚ್ಚಿಹೋಗುತ್ತದೆ. ಅನುಸ್ವಾರಕ್ಕೂ ಕನ್ನಡದ ಸೊನ್ನೆಗೂ ಆಕಾರದಲ್ಲಿ ಭೇದವೇ ಇಲ್ಲ. ಸಂದರ್ಭವೊಂದೇ ಅವುಗಳನ್ನು ಬೇರ್ಪಡಿಸಬಲ್ಲದು.

ಇನ್ನೊಂದು ತೊಡಕು ಕ್ರಮಕ್ಕೆ ಸಂಬಂಧಿಸಿದ್ದು. 'ಅರ್ಕ' ಎಂಬಲ್ಲಿ ರೇಫವು ಉಚ್ಚಾರಣೆಯಲ್ಲಿ ಕಕಾರಕ್ಕಿಂತ ಮೊದಲು ಬರುತ್ತದೆ. ಆದರೆ ಅರ್ಕಾವತ್ತಾಗಿ ಬರೆಯುವಾಗ ಅದರ ಸ್ಥಾನ ಕಕಾರದ ನಂತರ. 'ಲಕ್ಷ್ಮೀ' ಎಂಬಲ್ಲಿ ಈಕಾರವನ್ನು ಉಚ್ಚರಿಸುವುದು ಮಕಾರದ ಬಳಿಕ; ಆದರೆ ಅದರ ಗುಡಿಸು ಕಾಣಿಸಿಕೊಳ್ಳುವುದು ಮೇಲಿನ ಕಕಾರದ ತಲೆಯ ಮೇಲೆ. ಯೂನಿಕೋಡ್ ಅನುಸರಿಸುವುದು ಉಚ್ಚಾರಣೆಯ ಕ್ರಮವನ್ನು, ಯಂತ್ರ ಕಾಣುವುದು ಬರೆಹದ ಕ್ರಮವನ್ನು. ಆದುದರಿಂದ ಕನ್ನಡ ಓಸಿಆರ್ ಬರಿಯ ಆಕಾರವನ್ನು ಗುರುತಿಸಿದರೆ ಸಾಲದು. ಕನ್ನಡದ ಬರೆಹಕ್ಕೂ ಉಚ್ಚಾರಕ್ಕೂ ಇರುವ ಸಂಬಂಧದ ನಿಯಮಗಳನ್ನೂ ಅದಕ್ಕೆ ಕಲಿಸಬೇಕಾಗುತ್ತದೆ.

3. ಸಂಶೋಧನೆಯ ಘಟ್ಟಗಳು

ಕನ್ನಡ ಓಸಿಆರ್ ಸಂಶೋಧನೆಯ ಇತಿಹಾಸದಲ್ಲಿ 2002ನೆಯ ವರ್ಷ ಮುಖ್ಯವಾದುದು. ಆ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೇ ಎರಡು ಮಹತ್ವದ ಬರೆಹಗಳು ಪ್ರಕಟವಾದವು. ಟಿ.ವಿ. ಅಶ್ವಿನ್ ಮತ್ತು ಪಿ.ಎಸ್. ಶಾಸ್ತ್ರಿ ಅವರು 'ಸಾಧನಾ' ಪತ್ರಿಕೆಯಲ್ಲಿ ಅಕ್ಷರದ ಶೈಲಿ ಮತ್ತು ಗಾತ್ರಗಳಿಗೆ ಕಟ್ಟುಬೀಳದ ವ್ಯವಸ್ಥೆಯೊಂದನ್ನು ವಿವರಿಸಿದರು. ಸಪೋರ್ಟ್ ವೆಕ್ಟರ್ ಮೆಷಿನ್ ಎಂಬ ವರ್ಗೀಕರಣ ವಿಧಾನವನ್ನು ಅವರು ಬಳಸಿದರು. ಎರಡು ಅಕ್ಷರಗಳ ಮಾದರಿಗಳ ನಡುವೆ ಆದಷ್ಟು ಅಗಲವಾದ ಗಡಿಯನ್ನು ಎಳೆಯುವುದು ಈ ವಿಧಾನದ ಸಾರ.

ಎರಡನೆಯದು ಬಿ. ವಿಜಯಕುಮಾರ್ ಮತ್ತು ರಾಮಕೃಷ್ಣನ್ ಅವರ ಬರೆಹ. ಇವರು ಸಾಲನ್ನು ವಲಯಗಳಾಗಿ ವಿಭಾಗಿಸಿ ಮೂಲಾಕ್ಷರ, ಸ್ವರಚಿಹ್ನೆ ಮತ್ತು ಒತ್ತುಗಳನ್ನು ಬೇರ್ಪಡಿಸಿದರು. ಬಳಿಕ ಅಕ್ಷರದ ಬಿಂಬವನ್ನು ಗಣಿತದ ರೂಪಾಂತರಗಳಿಗೆ ಒಳಪಡಿಸಿ, ಅದರಿಂದ ದೊರೆತ ಕೆಲವೇ ಸಂಖ್ಯೆಗಳನ್ನು ಲಕ್ಷಣಗಳೆಂದು ಸ್ವೀಕರಿಸಿದರು. ಇಲ್ಲಿ ಬಳಸಿದ ವೇವ್‌ಲೆಟ್ ರೂಪಾಂತರವನ್ನು 1997ರ ಇಸಿಜಿ ಲೇಖನದಲ್ಲಿಯೂ ಕಾಣಬಹುದಾಗಿದೆ. ಹೃದಯದ ಬಡಿತದ ಸಾರವನ್ನು ಹಿಡಿಯುವ ಗಣಿತವೇ ಅಕ್ಷರದ ಆಕಾರದ ಸಾರವನ್ನೂ ಹಿಡಿಯಿತು.

ಈ ಬರೆಹದ ಒಂದು ಫಲಿತಾಂಶ ಲಿಪಿಶಾಸ್ತ್ರದ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾಗಿದೆ. ರೂಪಾಂತರದ ಲಕ್ಷಣಗಳನ್ನು ಮಾತ್ರ ಬಳಸಿದಾಗ ಗುರುತಿಸುವಿಕೆಯ ಪ್ರಮಾಣ ಶೇ. 93 ಇತ್ತು. ಒಂದರೊಡನೊಂದು ಗೊಂದಲಕ್ಕೆ ಎಡೆಮಾಡುವ ಅಕ್ಷರಗಳಿಗೆ ರಚನಾತ್ಮಕ ಲಕ್ಷಣಗಳನ್ನು ಎರಡನೆಯ ಹಂತದಲ್ಲಿ ಪರಿಶೀಲಿಸಿದಾಗ ಅದು ಶೇ. 98ಕ್ಕೆ ಏರಿತು. ಗಣಿತ ಕೈಬಿಟ್ಟ ಕಡೆ ಲಿಪಿಯ ರಚನೆಯ ಜ್ಞಾನ ನೆರವಿಗೆ ಬಂದಿತು ಎಂಬುದೇ ಇದರ ಅರ್ಥ. ಮೊದಲೇ ಬಿಡಿಸಿಟ್ಟ ಮೂಲಾಕ್ಷರಗಳ ಮಟ್ಟಿಗೆ ನರಜಾಲ ವಿಧಾನದಿಂದ ಶೇ. 99ರಷ್ಟು ನಿಖರತೆಯೂ ದೊರೆಯಿತು. ಇದೇ ಅವಧಿಯಲ್ಲಿ ಮೈಸೂರಿನಲ್ಲಿಯೂ ಈ ಸಂಶೋಧನೆ ಬೆಳೆಯುತ್ತಿತ್ತು, ಆರ್. ಸಂಜೀವ ಕುಂಟೆ ಮತ್ತು ಆರ್.ಡಿ. ಸುಧಾಕರ ಸ್ಯಾಮ್ಯುಯೆಲ್ ಅವರ ಲೇಖನ 2007ರಲ್ಲಿ 'ಸಾಧನಾ'ದಲ್ಲಿ ಪ್ರಕಟವಾಯಿತು.

ಇಂತಹ ಶೇಕಡಾವಾರು ಅಂಕಿಗಳನ್ನು ಓದುವಾಗ ಎಚ್ಚರ ಅಗತ್ಯ. ಒಂದು ಚಿಹ್ನೆಯನ್ನು ಸರಿಯಾಗಿ ಗುರುತಿಸುವ ಸಾಧ್ಯತೆ ಶೇ. 98 ಎಂದಿಟ್ಟುಕೊಂಡರೆ, ಐದು ಚಿಹ್ನೆಗಳ ಪದವೊಂದು ಸಂಪೂರ್ಣ ಸರಿಯಾಗಿರುವ ಸಾಧ್ಯತೆ ಸುಮಾರು ಶೇ. 90, ಎಂಟು ಚಿಹ್ನೆಗಳ ಪದಕ್ಕೆ ಅದು ಸುಮಾರು ಶೇ. 85. ಪ್ರತ್ಯಯಗಳು ಒಂದರ ಮೇಲೊಂದು ಸೇರಿ ಪದಗಳು ಉದ್ದವಾಗುವ ಕನ್ನಡದಂತಹ ಭಾಷೆಯಲ್ಲಿ ಅಕ್ಷರಮಟ್ಟದ ಸಣ್ಣ ದೋಷವೂ ಪದಮಟ್ಟದಲ್ಲಿ ದೊಡ್ಡದಾಗುತ್ತದೆ. ಪದಕೋಶ ರಚನೆ, ಪದಪ್ರಯೋಗಕೋಶ, ಶೈಲಿಯ ಅಂಕಿ-ಅಂಶ ಮೊದಲಾದ ಅಧ್ಯಯನಗಳಿಗೆ ಬೇಕಾದುದು ಪದಮಟ್ಟದ ನಿಖರತೆ ಎಂಬುದನ್ನು ಮರೆಯುವಂತಿಲ್ಲ.

4. 'ಲಿಪಿ ಜ್ಞಾನಿ' ಮತ್ತು ನಿಘಂಟಿಲ್ಲದ ಓದು

ಎಚ್.ಆರ್. ಶಿವಕುಮಾರ್ ಮತ್ತು ರಾಮಕೃಷ್ಣನ್ ಅವರು ರೂಪಿಸಿದ 'ಲಿಪಿ ಜ್ಞಾನಿ' ಎಂಬ ಓಸಿಆರ್ ಕುರಿತ ವಿವರವಾದ ಬರೆಹ 2020ರಲ್ಲಿ ಪ್ರಕಟವಾಯಿತು. 1970ರಿಂದ 2002ರವರೆಗೆ ಅಚ್ಚಾದ 35ಕ್ಕೂ ಹೆಚ್ಚು ಪುಸ್ತಕಗಳ ಪುಟಗಳನ್ನು ಆಧರಿಸಿ ಇದನ್ನು ಸಿದ್ಧಗೊಳಿಸಲಾಯಿತು. ಹಳಗನ್ನಡದ ಪುಸ್ತಕಗಳೂ ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಶ್ಲೋಕಗಳೂ ಇವುಗಳಲ್ಲಿ ಸೇರಿದ್ದವು. ಕನ್ನಡದ ಅಂಕೆಗಳು, ಲೇಖನ ಚಿಹ್ನೆಗಳು, ನಡುನಡುವೆ ಬರುವ ಇಂಗ್ಲಿಷ್ ಪದಗಳು ಇವೆಲ್ಲವನ್ನೂ ಗುರುತಿಸುವಂತೆ ವ್ಯವಸ್ಥೆಯನ್ನು ರೂಪಿಸಲಾಗಿತ್ತು.

ಈ ವ್ಯವಸ್ಥೆಯ ಮುಖ್ಯ ಲಕ್ಷಣವೆಂದರೆ ಅದು ಶಬ್ದಭಂಡಾರದ ಯಾವ ಮಿತಿಗೂ ಒಳಪಟ್ಟಿರಲಿಲ್ಲ. ಗುರುತಿಸಿದ ಪದವನ್ನು ನಿಘಂಟಿನೊಡನೆ ಹೋಲಿಸಿ ತಿದ್ದುವ ಹಂತವನ್ನು ಅದರಲ್ಲಿ ಅಳವಡಿಸಿರಲಿಲ್ಲ. ಕನ್ನಡ, ತುಳು, ಕೊಂಕಣಿ, ಸಂಸ್ಕೃತ ಈ ನಾಲ್ಕು ಭಾಷೆಗಳ, ಆದರೆ ಕನ್ನಡ ಲಿಪಿಯಲ್ಲಿ ಅಚ್ಚಾದ ಪುಟಗಳ ಮೇಲೆ ಅದನ್ನು ಪರೀಕ್ಷಿಸಿ, ಗೂಗಲ್ ಬೆಂಬಲದ ಟೆಸೆರಾಕ್ಟ್ ಓಸಿಆರ್‌ನೊಡನೆ ಹೋಲಿಸಲಾಯಿತು. ಪದಮಟ್ಟದ ನಿಖರತೆಯಲ್ಲಿ 'ಲಿಪಿ ಜ್ಞಾನಿ' ಕನ್ನಡದಲ್ಲಿ ಶೇ. 4, ತುಳು ಮತ್ತು ಸಂಸ್ಕೃತಗಳಲ್ಲಿ ಶೇ. 8, ಕೊಂಕಣಿಯಲ್ಲಿ ಶೇ. 25ರಷ್ಟು ಮುಂದಿತ್ತೆಂದು ಸಂಶೋಧಕರು ವರದಿ ಮಾಡಿದ್ದಾರೆ. ಭಾಷೆ ಶಿಷ್ಟಕನ್ನಡದಿಂದ ಬೇರೆಯಾದಲ್ಲಿ ಅಂತರ ಹಿಗ್ಗಿರುವುದನ್ನು ಈ ಅಂಕಿಗಳಲ್ಲಿ ಕಾಣಬಹುದು. ಒಂದು ಭಾಷೆಯ ಪಠ್ಯವನ್ನು ಓದಿ ಓದಿ ಕಲಿತ ಯಂತ್ರವು ಆ ಭಾಷೆಯಲ್ಲಿ ಬರುವ ಅಕ್ಷರಕ್ರಮಗಳನ್ನು ನಿರೀಕ್ಷಿಸುತ್ತದೆ. ನಿರೀಕ್ಷೆಗೆ ಹೊರತಾದುದು ಬಂದಾಗ ಎಡವುತ್ತದೆ. ಲಿಪಿಯನ್ನಷ್ಟೇ ಕಲಿತ ಯಂತ್ರಕ್ಕೆ ಅಂತಹ ನಿರೀಕ್ಷೆಯ ಭಾರವಿಲ್ಲ.

ಗ್ರಂಥಸಂಪಾದನೆಯ ದೃಷ್ಟಿಯಿಂದ ಈ ಭೇದ ಅತ್ಯಂತ ಮಹತ್ವದ್ದು. ಹಳಗನ್ನಡದಲ್ಲಿ 'ಬಾೞ್' ಎಂದರೆ ಬದುಕು, 'ಬಾಳ್' ಎಂದರೆ ಕತ್ತಿ. 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಕತ್ತರಿಸು. ರಳ, ಕುಳ, ಕ್ಷಳಗಳ ಭೇದವನ್ನು ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ವಿಸ್ತಾರವಾಗಿ ಚರ್ಚಿಸಿರುವುದು ವಿದ್ವಾಂಸರಿಗೆ ತಿಳಿದ ವಿಷಯ. ಪ್ರಾಸಸ್ಥಾನದಲ್ಲಿ ೞ ಮತ್ತು ಳಗಳು ಬೆರೆತಿವೆಯೇ ಇಲ್ಲವೇ ಎಂಬುದು ಕೃತಿಯ ಕಾಲ ಹಾಗೂ ಪಾಠದ ಶುದ್ಧಿಯನ್ನು ನಿರ್ಣಯಿಸುವಲ್ಲಿ ಒಂದು ಆಧಾರ. ಹೊಸಗನ್ನಡದ ನಿಘಂಟನ್ನು ಹಿಡಿದು ತಿದ್ದುವ ಯಂತ್ರವು ಈ ಭೇದವನ್ನು ಅಳಿಸಿಹಾಕಿದರೆ ಆ ಆಧಾರವೇ ಇಲ್ಲವಾಗುತ್ತದೆ. ಅಲ್ಲದೆ ತಿದ್ದುಪಡಿ ಆಗಿದೆ ಎಂಬ ಸುಳಿವೂ ಪಠ್ಯದಲ್ಲಿ ಉಳಿಯುವುದಿಲ್ಲ.

ಲಿಪಿಯ ಗಣಕೀಕರಣದಲ್ಲಿ ಭಾಷಾವಿದ್ವಾಂಸರ ಗೈರುಹಾಜರಿ ಏನು ಮಾಡಬಲ್ಲುದು ಎಂಬುದಕ್ಕೆ ೞಕಾರವೇ ಒಂದು ಸಾಕ್ಷಿ. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ 'ಫ' ಎಂಬ ಅರ್ಥದ ತಪ್ಪು ಹೆಸರು ಸೇರಿಹೋಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಇರುವುದರಿಂದ, ಅದು ತಪ್ಪೆಂಬ ಟಿಪ್ಪಣಿಯೊಡನೆ ಆ ಹೆಸರು ಹಾಗೆಯೇ ಮುಂದುವರಿದಿದೆ.

ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯಿಂದ ಪರಿಚಿತವಾದ ಲಿಪಿಕಾರದೋಷದ ಪರಿಕಲ್ಪನೆಯನ್ನು ಇಲ್ಲಿ ಯಂತ್ರಕ್ಕೂ ವಿಸ್ತರಿಸಬಹುದು. ಲಿಪಿಕಾರರಲ್ಲಿ ಎರಡು ಬಗೆ. ಅರ್ಥ ತಿಳಿಯದಿದ್ದರೂ ಕಂಡಂತೆ ನಕಲು ಮಾಡುವವನು ಒಬ್ಬ. ಅರ್ಥವಾಗದ ಕಡೆ ತನಗೆ ತಿಳಿದ ಪದವನ್ನು ಸೇರಿಸಿ 'ಸರಿಪಡಿಸುವವನು' ಇನ್ನೊಬ್ಬ. ಮೊದಲನೆಯವನ ತಪ್ಪು ಕಣ್ಣಿಗೆ ಬೀಳುತ್ತದೆ, ಅದರ ಹಿಂದಿನ ಮೂಲಪಾಠವನ್ನು ಊಹಿಸುವುದೂ ಸಾಧ್ಯ. ಎರಡನೆಯವನ ತಪ್ಪು ಸುಂದರವಾಗಿರುತ್ತದೆ, ಆದುದರಿಂದಲೇ ಅಪಾಯಕಾರಿ. ನಿಘಂಟಿಲ್ಲದ ಓಸಿಆರ್ ಮೊದಲ ಬಗೆಯ ಲಿಪಿಕಾರ. 2018ರಲ್ಲಿ ಬಂದ ಟೆಸೆರಾಕ್ಟ್‌ನ ನಾಲ್ಕನೆಯ ಆವೃತ್ತಿಯಿಂದ ಹಿಡಿದು ಇತ್ತೀಚಿನ ಬೃಹತ್ ಭಾಷಾಮಾದರಿಗಳವರೆಗಿನ ನರಜಾಲ ವ್ಯವಸ್ಥೆಗಳು ಇಡಿಯ ಸಾಲನ್ನು ಅಥವಾ ಪುಟವನ್ನು ಒಟ್ಟಾಗಿ ಓದುತ್ತವೆ. ಅವುಗಳ ಸರಾಸರಿ ಸಾಮರ್ಥ್ಯ ಹೆಚ್ಚಾಗಿದೆ ಎಂಬುದು ನಿಜ. ಆದರೆ ಅವು ಕ್ರಮೇಣ ಎರಡನೆಯ ಬಗೆಯ ಲಿಪಿಕಾರನತ್ತ ವಾಲುತ್ತಿವೆ ಎಂಬುದೂ ನಿಜ.

5. ಮೂರು ಲಿಪಿಗಳ ಸೀಮೆ

ಕಾಮಸಮುದ್ರವು ಬಂಗಾರಪೇಟೆಯಿಂದ ಜೋಲಾರಪೇಟೆಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿದೆ. ಆಂಧ್ರಪ್ರದೇಶ ಮತ್ತು ತಮಿಳುನಾಡುಗಳೆರಡರ ಗಡಿಯೂ ಇಲ್ಲಿಗೆ ಸಮೀಪ. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡದೊಡನೆ ತೆಲುಗು ಬಳಕೆಯಲ್ಲಿದ್ದರೆ, ಚಿನ್ನದ ಗಣಿಗಳ ಸುತ್ತ ನೆಲೆಸಿದ ಕಾರ್ಮಿಕ ಕುಟುಂಬಗಳಿಂದ ತಮಿಳು ಬೇರೂರಿತು. 1880ರಿಂದ ಗಣಿಗಳನ್ನು ನಡೆಸಿದ ಜಾನ್ ಟೇಲರ್ ಕಂಪನಿಯ ಆಡಳಿತ ಇಂಗ್ಲಿಷನ್ನು ತಂದಿತು. ಬಂಗಾರಪೇಟೆಯ ಹಿಂದಿನ ಹೆಸರು ಬೌರಿಂಗ್‌ಪೇಟೆ ಎಂಬುದೇ ಆ ಕಾಲದ ಗುರುತು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಹತ್ತನೆಯ ಸಂಪುಟದಲ್ಲಿ ಬೌರಿಂಗ್‌ಪೇಟೆ ತಾಲ್ಲೂಕಿನ ಶಾಸನಗಳಿಗೆ ಪ್ರತ್ಯೇಕ ವಿಭಾಗವಿದೆ. ಕೋಲಾರ ಜಿಲ್ಲೆಯ ಈ ಸಂಪುಟದಲ್ಲಿ ಕನ್ನಡದೊಡನೆ ತಮಿಳು, ತೆಲುಗು ಶಾಸನಗಳೂ ಸೇರಿವೆ. ಚೋಳರ ಆಳ್ವಿಕೆಯ ಕಾಲದಿಂದಲೇ ಇದು ಬಹುಲಿಪಿಯ ನಾಡು.

ಇಂತಹ ಸೀಮೆಯ ಬರೆಹವನ್ನು ಯಂತ್ರ ಓದಬೇಕಾದರೆ ಮೊದಲು ಕೇಳಬೇಕಾದ ಪ್ರಶ್ನೆ 'ಇದು ಯಾವ ಅಕ್ಷರ' ಎಂಬುದಲ್ಲ, 'ಇದು ಯಾವ ಲಿಪಿ' ಎಂಬುದು. ಪೀತ ಬಾಸ ಪತಿ ಮತ್ತು ರಾಮಕೃಷ್ಣನ್ ಅವರು 2008ರಲ್ಲಿ ಪ್ರಕಟಿಸಿದ ಬರೆಹ ಈ ಪ್ರಶ್ನೆಯನ್ನೇ ಎತ್ತಿಕೊಂಡಿದೆ. ಹನ್ನೊಂದು ಲಿಪಿಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಶೈಲಿ, ಗಾತ್ರಗಳ 20,000 ಪದಬಿಂಬಗಳನ್ನು ಸಂಗ್ರಹಿಸಿ, ಒಂದೊಂದು ಪದದ ಲಿಪಿಯನ್ನೂ ಪ್ರತ್ಯೇಕವಾಗಿ ಗುರುತಿಸುವ ವಿಧಾನವನ್ನು ಅವರು ಪರೀಕ್ಷಿಸಿದರು. ಗೇಬರ್ ಶೋಧಕ ಎಂಬ ಗಣಿತದ ಸಾಧನ ಇಲ್ಲಿ ಉಪಯುಕ್ತವಾಯಿತು. ಬಿಂಬದಲ್ಲಿ ರೇಖೆಗಳು ಯಾವ ದಿಕ್ಕಿನಲ್ಲಿ, ಎಷ್ಟು ಒತ್ತಾಗಿ ಹರಿದಿವೆ ಎಂಬುದನ್ನು ಅದು ಅಳೆಯುತ್ತದೆ. ತಮಿಳಿನ ನೇರ ಗೆರೆಗಳೂ ಕನ್ನಡದ ದುಂಡುತನವೂ ಇಂತಹ ಅಳತೆಯಲ್ಲಿ ಬೇರೆಯಾಗಿ ನಿಲ್ಲುವುದು ಸಹಜ. ಎರಡು ಅಥವಾ ಮೂರು ಲಿಪಿಗಳು ಮಾತ್ರ ಇರುವ ಸನ್ನಿವೇಶದಲ್ಲಿ ಶೇ. 98ಕ್ಕೂ ಹೆಚ್ಚು, ಹನ್ನೊಂದು ಲಿಪಿಗಳು ಒಟ್ಟಾಗಿ ಬಂದಾಗ ಶೇ. 89ಕ್ಕೂ ಹೆಚ್ಚು ನಿಖರತೆ ದೊರೆಯಿತು.

ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಹಲವು ಅಕ್ಷರಗಳಲ್ಲಿ ತಲೆಕಟ್ಟಿನ ರೂಪವೊಂದೇ ಅವೆರಡನ್ನು ಬೇರ್ಪಡಿಸುತ್ತದೆ. ಬಿಡಿ ಅಕ್ಷರವನ್ನು ನೋಡಿ ನಿರ್ಣಯಿಸಲಾಗದುದನ್ನು ಇಡಿಯ ಪದದ ಹೆಣಿಗೆಯಿಂದ ನಿರ್ಣಯಿಸುವುದು ಸುಲಭವಾಗುತ್ತದೆ. ಗಡಿನಾಡಿನ ಓದುಗರೂ ಇದನ್ನು ಅರಿವಿಲ್ಲದೆಯೇ ಮಾಡುತ್ತಾರೆ. ಫಲಕವನ್ನು ದೂರದಿಂದ ಕಂಡಾಗ ಅಕ್ಷರ ಸ್ಪಷ್ಟವಾಗುವ ಮೊದಲೇ ಲಿಪಿ ಯಾವುದೆಂದು ತಿಳಿದಿರುತ್ತದೆ. ಬೀದಿಯ ಫಲಕಗಳಲ್ಲಿನ ಅಕ್ಷರಗಳನ್ನು ಗುರುತಿಸುವ ಸಮಸ್ಯೆಯನ್ನು ಟಿ. ಡಿ ಕ್ಯಾಂಪೋಸ್, ಬಿ.ಆರ್. ಬಾಬು ಮತ್ತು ಎಂ. ವರ್ಮಾ ಅವರು 2009ರಲ್ಲಿ ಅಧ್ಯಯನ ಮಾಡಿದರು. ಬೆಂಗಳೂರಿನ ಬೀದಿಗಳಲ್ಲಿ ತೆಗೆದ ಇಂಗ್ಲಿಷ್ ಮತ್ತು ಕನ್ನಡ ಅಕ್ಷರಗಳ ಚಿತ್ರಸಂಗ್ರಹವೊಂದು ಆ ಅಧ್ಯಯನದಿಂದ ಸಂಶೋಧಕರಿಗೆ ದೊರೆಯಿತು.

ಲಿಪಿಯನ್ನು ಗುರುತಿಸಿದ ಮೇಲೆಯೂ ಭಾಷೆಯ ಪ್ರಶ್ನೆ ಉಳಿಯುತ್ತದೆ. ಗಡಿಸೀಮೆಯಲ್ಲಿ ಕನ್ನಡ ಲಿಪಿಯಲ್ಲಿ ತೆಲುಗಿನ ಹಾಡನ್ನು ಬರೆದುಕೊಳ್ಳುವುದು, ಕನ್ನಡ ವಾಕ್ಯದಲ್ಲಿ ತಮಿಳು ನಂಟುವಾಚಕಗಳು ಬರುವುದು ಅಸಹಜವಲ್ಲ. ಜಾನಪದ ಸಂಗ್ರಹಗಳಲ್ಲಿ 'ಬಂದವ್ನೆ' ಎಂಬಂತಹ ಆಡುರೂಪಗಳನ್ನು ಸಂಪಾದಕರು ಉದ್ದೇಶಪೂರ್ವಕವಾಗಿ ಉಳಿಸಿಕೊಂಡಿರುತ್ತಾರೆ. ನಿಘಂಟನ್ನು ನೆಚ್ಚಿದ ಯಂತ್ರ ಇದನ್ನು 'ಬಂದವನೆ' ಎಂದು ತಿದ್ದಿದರೆ, 'ಬಂದಿದ್ದಾನೆ' ಎಂಬ ಕ್ರಿಯಾಪದವು 'ಬಂದವನೇ' ಎಂಬ ಕೃದಂತನಾಮವಾಗಿ ಬದಲಾಗುತ್ತದೆ. ತಪ್ಪು ಒಂದು ಅಕ್ಷರದ್ದು, ಹಾನಿ ಮಾತ್ರ ವ್ಯಾಕರಣದ್ದು. ಕೊಂಕಣಿ ಪುಟಗಳ ಮೇಲಿನ ಫಲಿತಾಂಶವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ, ಉಪಭಾಷೆಯ ಸಾಮಗ್ರಿಗೂ ಲಿಪಿಯನ್ನಷ್ಟೇ ನೆಚ್ಚುವ ಮಾರ್ಗವೇ ಹೆಚ್ಚು ಸುರಕ್ಷಿತವೆಂದು ತರ್ಕಿಸಬಹುದು.

6. ಮಿತಿಗಳು ಮತ್ತು ಕನ್ನಡ ವಿಭಾಗಗಳ ಹೊಣೆ

ಈವರೆಗೆ ವಿವರಿಸಿದ ಸಂಶೋಧನೆಗಳಲ್ಲಿ ಬಹುಪಾಲು ಮುದ್ರಿತ ಪುಟಗಳಿಗೆ ಸೀಮಿತವಾದವು. ಮೋಡಿ ಅಕ್ಷರದ ಕಡತಗಳಿಗಾಗಲಿ, ತಾಳೆಯೋಲೆಗಳಿಗಾಗಲಿ, ಶಾಸನಗಳಿಗಾಗಲಿ ಇವು ನೇರವಾಗಿ ಅನ್ವಯಿಸುವುದಿಲ್ಲ. ಶಾಸನದಲ್ಲಿ ಶಾಯಿಯೇ ಇಲ್ಲ. ಅಕ್ಷರ ಇರುವುದು ಕಲ್ಲಿನ ತಗ್ಗಿನಲ್ಲಿ, ಕಾಣುವುದು ನೆರಳಿನಲ್ಲಿ. ಬೆಳಕಿನ ದಿಕ್ಕು ಬದಲಾದರೆ ಬಿಂಬವೂ ಬದಲಾಗುತ್ತದೆ. ಆದುದರಿಂದ ಅಲ್ಲಿ ಬೆಳಕಿನ ಬದಲು ಆಳವನ್ನೇ ಅಳೆಯುವ ತ್ರಿಆಯಾಮ ಸ್ಕ್ಯಾನಿಂಗ್ ಹೆಚ್ಚು ಉಪಯುಕ್ತ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಪರಿಸರದ ಶಾಸನಗಳನ್ನು ಈ ವಿಧಾನದಿಂದ ದಾಖಲಿಸುವ ಕೆಲಸವನ್ನು ಕೈಗೊಂಡಿತು. ಕೋಲಾರ ಸೀಮೆಯ ವೀರಗಲ್ಲುಗಳಿಗೂ ಇಂತಹ ದಾಖಲಾತಿ ವಿಸ್ತರಿಸುವುದು ಅಪೇಕ್ಷಣೀಯ. ರೈಸ್ ಅವರ ಕಾಲದ ಓದನ್ನು ಕಲ್ಲಿನೊಡನೆ ಮರಳಿ ಹೋಲಿಸಲು ಅದರಿಂದ ಸಾಧ್ಯವಾಗುತ್ತದೆ.

ಓಸಿಆರ್‌ನ ಸಾಮಾಜಿಕ ಪ್ರಯೋಜನವನ್ನೂ ಇಲ್ಲಿ ನೆನೆಯಬೇಕು. ಪಠ್ಯವಾಗಿ ಬದಲಾದ ಪುಟವನ್ನು ಬ್ರೈಲ್ ಲಿಪಿಗೆ ತರಬಹುದು. ಪಠ್ಯವನ್ನು ಮಾತಾಗಿಸುವ ತಂತ್ರದೊಡನೆ ಸೇರಿಸಿದರೆ ಕೇಳಿಸಿಕೊಳ್ಳಲೂಬಹುದು. ಕನ್ನಡ ಎಂ.ಎ. ತರಗತಿಗಳಲ್ಲಿ ಓದುತ್ತಿರುವ ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗೆ ಹಳಗನ್ನಡದ ಪಠ್ಯಗಳು ಸ್ವತಂತ್ರವಾಗಿ ದೊರೆಯುವ ದಾರಿ ಇದೊಂದೇ ಎಂದರೆ ತಪ್ಪಾಗದು.

ಇಂತಹ ವ್ಯವಸ್ಥೆಗಳನ್ನು ರೂಪಿಸಲು ಇಂಜಿನಿಯರುಗಳಿಗೆ ಬೇಕಾದ ಮುಖ್ಯ ಸಾಮಗ್ರಿ ಪುಟದ ಬಿಂಬ ಮತ್ತು ಅದಕ್ಕೆ ಅಕ್ಷರಶಃ ಹೊಂದುವ ಶುದ್ಧ ಪಠ್ಯ. ಇದನ್ನು ಸಿದ್ಧಪಡಿಸುವುದು ಗಣಿತದ ಕೆಲಸವಲ್ಲ, ಓದುವ ಕೆಲಸ. ಹಳಗನ್ನಡವನ್ನು ತಪ್ಪಿಲ್ಲದೆ ಓದಬಲ್ಲವರು ಇರುವುದು ಕನ್ನಡ ವಿಭಾಗಗಳಲ್ಲಿ. ಯಾವ ಅಕ್ಷರಜೋಡಿಗಳು ಗೊಂದಲಕ್ಕೆ ಎಡೆಮಾಡುತ್ತವೆ, ಯಾವ ಕಾಲದ ಅಚ್ಚಿನಲ್ಲಿ ಯಾವ ರೂಪ ಬಳಕೆಯಲ್ಲಿತ್ತು, ಯಾವ ಭೇದವನ್ನು ಯಂತ್ರ ಅಳಿಸಕೂಡದು ಎಂಬುದನ್ನು ನಿರ್ಣಯಿಸಬೇಕಾದವರೂ ಅವರೇ. ಶೇ. 93ರಿಂದ ಶೇ. 98ಕ್ಕೆ ಏರಿದ ನಿಖರತೆಯ ಹಿಂದೆ ಇದ್ದುದು ಲಿಪಿಯ ರಚನೆಯ ಇಂತಹ ತಿಳಿವಳಿಕೆ ಎಂಬುದನ್ನು ಮೇಲೆ ನೋಡಲಾಗಿದೆ.

ಉಪಸಂಹಾರ

ಹೃದಯದ ಬಡಿತದಿಂದ ಆರಂಭವಾಗಿ ಸ್ಪರ್ಶವರ್ಣದ ಸ್ಫೋಟ, ಅಲ್ಲಿಂದ ಅಚ್ಚಿನ ಅಕ್ಷರ, ಮುಂದೆ ಲಿಪಿಗಳ ಭೇದದವರೆಗೆ ರಾಮಕೃಷ್ಣನ್ ಮತ್ತು ಅವರ ಸಹಸಂಶೋಧಕರ ಕೆಲಸ ಹರಡಿಕೊಂಡಿದೆ. ಈ ಕೆಲಸದ ಹಿಂದಿರುವ ತತ್ತ್ವ ಒಂದೇ: ಮಾಹಿತಿಯನ್ನು ಗದ್ದಲದಿಂದ ಬೇರ್ಪಡಿಸುವುದು. ಆದರೆ ಯಾವುದು ಮಾಹಿತಿ, ಯಾವುದು ಗದ್ದಲ ಎಂಬ ನಿರ್ಣಯ ಕೇವಲ ತಾಂತ್ರಿಕವಾದುದಲ್ಲ. ಹೊಸಗನ್ನಡದ ನಿಘಂಟಿಗೆ ೞಕಾರ ಗದ್ದಲ, ಹಳಗನ್ನಡದ ಸಂಪಾದಕನಿಗೆ ಅದೇ ಸಂಕೇತ. ಶಿಷ್ಟಭಾಷೆಗೆ ಗಡಿನಾಡಿನ ಆಡುರೂಪ ದೋಷ, ಉಪಭಾಷಾ ಅಧ್ಯಯನಕ್ಕೆ ಅದೇ ಆಕರ. ಯಂತ್ರಕ್ಕೆ ಈ ವಿವೇಚನೆಯನ್ನು ಒದಗಿಸುವ ಹೊಣೆ ಭಾಷಾಧ್ಯಯನದ್ದೇ ಆಗಿದೆ. ಮುದ್ರಿತ ಕನ್ನಡವು ಗಣಕದ ಪಠ್ಯವಾಗಿ ಮಾರ್ಪಡುತ್ತಿರುವ ಈ ಕಾಲದಲ್ಲಿ ಆ ಹೊಣೆಯನ್ನು ಹೊರದೇ ಹೋದರೆ, ಮುಂದಿನ ತಲೆಮಾರಿನ ಸಂಶೋಧಕರು ಪರಿಷ್ಕರಿಸಬೇಕಾದುದು ಕವಿಯ ಪಾಠವನ್ನಲ್ಲ, ಯಂತ್ರದ ಪಾಠವನ್ನು.